ಆರದ ಹಳದಿ ದೀಪ: ಟೈರ್ ಗಾಳಿ ಸೆನ್ಸಾರ್ ಕಾನೂನಿನ ಕತೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ಒಂದು ಹಳದಿ ಚಿತ್ರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ. ಯಾವುದೋ ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಅದರ ಅರ್ಥ. ಆದರೆ ಹದಿನೈದು ವರ್ಷ ಓಡಿದ, ಮೂರನೇ ಕೈಗೆ ಬಂದ ಕಾರಿನಲ್ಲಿ ಈ ದೀಪ ಹೆಚ್ಚಾಗಿ ಬೇರೆಯದನ್ನೇ ಹೇಳುತ್ತಿರುತ್ತದೆ: ಗಾಳಿ ನೋಡಬೇಕಾದ ಯಂತ್ರವೇ ಸತ್ತಿದೆ ಎಂದು. ಅಮೆರಿಕದಲ್ಲಿ ಇಂಥ ದೀಪದ ಮೇಲೆ ಕಪ್ಪು ಟೇಪು ಅಂಟಿಸಿಕೊಂಡು ಓಡಾಡುವವರಿದ್ದಾರೆ. ಆ ದೀಪವನ್ನು ಕಾನೂನಿನ ಪುಸ್ತಕಕ್ಕೆ ಸೇರಿಸಲು ಎಷ್ಟು ಜನ ಸಾಯಬೇಕಾಯಿತು ಎಂಬುದನ್ನು ನೆನೆದರೆ ಆ ಟೇಪು ಸಣ್ಣ ವಿಷಯ ಅನ್ನಿಸುವುದಿಲ್ಲ.

ತಂತ್ರಜ್ಞಾನ ಕಾನೂನಿಗಿಂತ ಹಳೆಯದು. 1986ರಲ್ಲೇ ಪೋರ್ಷೆ 959 ಕಾರಿನಲ್ಲಿ ಟೈರ್ ಒತ್ತಡ ನೋಡುವ ವ್ಯವಸ್ಥೆ ಇತ್ತು. ಆಗ ಅದು ಶ್ರೀಮಂತರ ಸೌಕರ್ಯ. ಸಾಮಾನ್ಯರ ಕಾರಿಗೆ ಅದನ್ನು ತಂದದ್ದು ಒಂದು ದುರಂತ ಸರಣಿ, ಮತ್ತು ಒಂದು ಊರಿನ ಸ್ಥಳೀಯ ಟಿವಿ ಚಾನೆಲ್.

2000ದ ಫೆಬ್ರುವರಿಯಲ್ಲಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಕೆಎಚ್‌ಒಯು ವಾಹಿನಿಯಲ್ಲಿ ಅನ್ನಾ ವರ್ನರ್ ಎಂಬ ವರದಿಗಾರ್ತಿಯ ತನಿಖಾ ವರದಿ ಪ್ರಸಾರವಾಯಿತು. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ವೇಗದಲ್ಲಿ ಓಡುವಾಗಲೇ ಕಿತ್ತುಬರುತ್ತಿದೆ, ವಾಹನ ಮಗುಚಿ ಜನ ಸಾಯುತ್ತಿದ್ದಾರೆ ಎಂಬುದು ಅದರ ಸಾರ. ಕಂಪನಿ ವಾಹಿನಿಗೆ ಕಟುವಾದ ಆಕ್ಷೇಪಣಾ ಪತ್ರ ಬರೆಯಿತು. ಇತ್ತ ವಾಹಿನಿಯ ಫೋನು ಬಿಡುವಿಲ್ಲದೆ ರಿಂಗಣಿಸಿತು. ಹೀಗೆ ನಮಗೂ ಆಗಿದೆ ಎನ್ನುವವರೇ ಎಲ್ಲ. ವರದಿಗಾರರು ಅವರಿಗೆ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯಲ್ಲಿ ದೂರು ಕೊಡಲು ಹೇಳಿದರು. ಮೇ ತಿಂಗಳಲ್ಲಿ ಆ ಸಂಸ್ಥೆ ತನಿಖೆ ಶುರು ಮಾಡಿತು. ಬೇಸರದ ಸಂಗತಿಯೆಂದರೆ, 1998ರಲ್ಲೇ ಒಂದು ವಿಮಾ ಕಂಪನಿಯ ಸಂಶೋಧಕ ಇಂಥ 21 ಪ್ರಕರಣಗಳನ್ನು ಪಟ್ಟಿ ಮಾಡಿ ಇದೇ ಸಂಸ್ಥೆಗೆ ಇಮೇಲ್ ಕಳಿಸಿದ್ದ. ಅದನ್ನು ಯಾರೂ ಬೆನ್ನು ಹತ್ತಿರಲಿಲ್ಲ. ಸ್ಥಳೀಯ ಸುದ್ದಿ ಎಂದರೆ ಒಳಪುಟದ ತುಂಡು ಸುದ್ದಿ ಎಂದುಕೊಂಡ ಡೆಸ್ಕುಗಳಿಗೆ ಈ ಪ್ರಕರಣವನ್ನು ಓದಿಸಬೇಕು ಎಂದು ನಮಗೆ ಆಗಾಗ ಅನ್ನಿಸುತ್ತದೆ.

2000ದ ಆಗಸ್ಟ್ 9ರಂದು ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಪಡೆಯುವುದಾಗಿ ಘೋಷಿಸಿತು. ಅಮೆರಿಕದಲ್ಲೇ ಸತ್ತವರ ಲೆಕ್ಕ ಕೊನೆಗೆ 271ಕ್ಕೆ ಮುಟ್ಟಿತು. ಆಮೇಲೆ ನಡೆದದ್ದು ಯಾರ ತಪ್ಪು ಎಂಬ ಜಗಳ. ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯಲ್ಲಿ ತಯಾರಾದ ಟೈರುಗಳೇ ಸರಿಯಿಲ್ಲ ಎಂದಿತು ಫೋರ್ಡ್. ನೀವು ಟೈರಿಗೆ 26 ಪಿಎಸ್‌ಐ ಗಾಳಿ ಸಾಕು ಎಂದು ಬರೆದಿರಿ, ನಾವು 30 ಇರಲಿ ಎನ್ನುತ್ತೇವೆ, ವಾಹನದ ವಿನ್ಯಾಸವೂ ಸರಿಯಿಲ್ಲ ಎಂದಿತು ಫೈರ್‌ಸ್ಟೋನ್. ಹೆಚ್ಚುಕಡಿಮೆ ನೂರು ವರ್ಷದ ವ್ಯವಹಾರ 2001ರ ಮೇ ತಿಂಗಳಲ್ಲಿ ಮುರಿದುಬಿತ್ತು.

ಈ ಜಗಳದಲ್ಲಿ ಗಾಳಿಯ ಮಾತು ಮುನ್ನೆಲೆಗೆ ಬಂತು. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ರಬ್ಬರು ಮತ್ತು ಒಳಗಿನ ಉಕ್ಕಿನ ಪಟ್ಟಿಯ ನಡುವಿನ ಬೆಸುಗೆ ಸಡಿಲವಾಗುತ್ತದೆ. ಟೆಕ್ಸಾಸ್, ಅರಿಜೋನಾ, ಫ್ಲಾರಿಡಾದಂಥ ಬಿಸಿ ರಾಜ್ಯಗಳಲ್ಲಿ ಸಾವು ಹೆಚ್ಚಾಗಿದ್ದು ಸುಮ್ಮನೆ ಅಲ್ಲ. ಹಾಗಾಗಿ 2000ದ ನವೆಂಬರ್ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಟ್ರೆಡ್ ಕಾಯ್ದೆಯಲ್ಲಿ ಒಂದು ಕಲಮು ಸೇರಿತು: ಟೈರಿನ ಗಾಳಿ ತೀರಾ ಇಳಿದಾಗ ಚಾಲಕನಿಗೆ ತಿಳಿಸುವ ವ್ಯವಸ್ಥೆ ಹೊಸ ವಾಹನಗಳಲ್ಲಿ ಇರಬೇಕು, ಒಂದು ವರ್ಷದೊಳಗೆ ನಿಯಮ ರೂಪಿಸಬೇಕು.

ಒಂದು ವರ್ಷ ಎಂದದ್ದು ಬಹಳ ಎಳೆಯಿತು. ಗಾಳಿ ತಿಳಿಯಲು ಎರಡು ದಾರಿಗಳಿದ್ದವು. ಪ್ರತಿ ಚಕ್ರದೊಳಗೆ ಬ್ಯಾಟರಿ ಇರುವ ಸೆನ್ಸಾರ್ ಕೂರಿಸಿ ರೇಡಿಯೋ ಅಲೆಯಲ್ಲಿ ಸುದ್ದಿ ಕಳಿಸುವುದು ಒಂದು. ಎರಡನೆಯದು ಅಗ್ಗದ ದಾರಿ: ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ, ಎಬಿಎಸ್ ಬ್ರೇಕಿಗಾಗಿ ಮೊದಲೇ ಇರುವ ಸೆನ್ಸಾರ್ ಅದನ್ನು ಹಿಡಿಯುತ್ತದೆ. ಆದರೆ ನಾಲ್ಕೂ ಚಕ್ರದ ಗಾಳಿ ಒಟ್ಟಿಗೆ ಇಳಿದರೆ ಆ ಕಾಲದ ಅಗ್ಗದ ವ್ಯವಸ್ಥೆಗೆ ಹೋಲಿಕೆಗೆ ಏನೂ ಸಿಗುತ್ತಿರಲಿಲ್ಲ. ತಿಂಗಳುಗಟ್ಟಲೆ ಗಾಳಿ ನೋಡದ ಕಾರಿನಲ್ಲಿ ಆಗುವುದೇ ಅದು! ಆದರೂ 2002ರ ನಿಯಮ ಒಂದೇ ಟೈರಿನ ಇಳಿಕೆ ಗೊತ್ತಾದರೂ ಸಾಕು ಎಂದು ಸಡಿಲ ಬಿಟ್ಟಿತು. ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಘಟನೆ ಕೋರ್ಟಿಗೆ ಹೋಯಿತು. ಅದರ ಅಧ್ಯಕ್ಷೆಯಾಗಿದ್ದ ಜೋನ್ ಕ್ಲೇಬ್ರೂಕ್ 1970ರ ದಶಕದ ಕೊನೆಯಲ್ಲಿ ಅದೇ ಸುರಕ್ಷತಾ ಸಂಸ್ಥೆಯ ಮುಖ್ಯಸ್ಥೆ ಆಗಿದ್ದವರು. 2003ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ರದ್ದು ಮಾಡಿತು. 2005ರ ಏಪ್ರಿಲಿನಲ್ಲಿ ಹೊಸ ನಿಯಮ ಬಂತು: ಯಾವುದೇ ಟೈರು, ಅಥವಾ ನಾಲ್ಕೂ, ಶಿಫಾರಸು ಮಾಡಿದ ಒತ್ತಡಕ್ಕಿಂತ ಶೇ 25ರಷ್ಟು ಇಳಿದರೆ 20 ನಿಮಿಷದೊಳಗೆ ದೀಪ ಹತ್ತಬೇಕು. 2007ರ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಎಲ್ಲ ಹೊಸ ಲಘು ವಾಹನಗಳಿಗೂ ಇದು ಕಡ್ಡಾಯವಾಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ.

ಕಾನೂನು ಕಣ್ಣಿಟ್ಟದ್ದು ಷೋರೂಮಿನಿಂದ ಹೊರಡುವ ಕಾರಿನ ಮೇಲೆ. ಸೆನ್ಸಾರಿನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ನೀರು, ಅದುರುವಿಕೆ ತಾಗದಿರಲಿ ಎಂದು ಅದನ್ನು ಅಂಟಿನೊಳಗೆ ಮುಳುಗಿಸಿ ಮುಚ್ಚಿರುತ್ತಾರೆ. ಸೆಲ್ ಬದಲಿಸಲಾಗದು, ಇಡೀ ಸೆನ್ಸಾರನ್ನೇ ಬದಲಿಸಬೇಕು. ಅದಕ್ಕೆ ಟೈರು ಬಿಚ್ಚಬೇಕು, ಹೊಸ ಸೆನ್ಸಾರಿನ ಗುರುತಿನ ಸಂಖ್ಯೆಯನ್ನು ಕಾರಿನ ಕಂಪ್ಯೂಟರಿಗೆ ಕಲಿಸಬೇಕು. ಅಮೆರಿಕದ ಸೆನ್ಸಾರುಗಳು 315 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಯುರೋಪಿನವು 433ರಲ್ಲಿ. ತಪ್ಪು ತಂದರೆ ಕಾರಿಗೆ ಕಿವಿಯೇ ಕೇಳಿಸದು. ಹಿಮ ಬೀಳುವ ಊರುಗಳಲ್ಲಿ ರಸ್ತೆಗೆ ಹಾಕುವ ಉಪ್ಪಿನಿಂದ ಅಲ್ಯೂಮಿನಿಯಂ ವಾಲ್ವಿನ ಕಾಂಡವೂ ಅದರೊಳಗಿನ ಹಿತ್ತಾಳೆಯ ಪಿನ್ನೂ ಅಂಟಿಕೊಂಡು, ಗಾಳಿ ಹಾಕಲು ಹೋದವನ ಕೈಯಲ್ಲೇ ಕಾಂಡ ಮುರಿದುಬರುತ್ತಿತ್ತು. ಕಾರಿಗೇ ಹೆಚ್ಚು ಬೆಲೆ ಉಳಿಯದ ಹೊತ್ತಿನಲ್ಲಿ ನಾಲ್ಕು ಸೆನ್ಸಾರಿಗೆ ಯಾರು ದುಡ್ಡು ಹಾಕುತ್ತಾರೆ?

ಇನ್ನೂ ವಿಚಿತ್ರವಾದದ್ದು ದೀಪದ ಭಾಷೆ. ವ್ಯವಸ್ಥೆ ಕೆಟ್ಟರೆ ಅದನ್ನೂ ತಿಳಿಸಬೇಕು ಎಂದು 2005ರ ನಿಯಮ ಹೇಳಿತು, ಆದರೆ ಅದಕ್ಕೆ ಬೇರೆ ದೀಪವೇ ಬೇಕೆಂದು ಹಟ ಹಿಡಿಯಲಿಲ್ಲ. ಅದೇ ದೀಪ 60ರಿಂದ 90 ಸೆಕೆಂಡು ಮಿನುಗಿ, ಆಮೇಲೆ ಹತ್ತಿಕೊಂಡೇ ಇದ್ದರೆ ಸಾಕು. ಅಂದರೆ ಒಂದು ಸೆನ್ಸಾರ್ ಸತ್ತ ಕಾರಿನಲ್ಲಿ ದೀಪ ದಿನವಿಡೀ ಉರಿಯುತ್ತದೆ. ನಾಳೆ ಇನ್ನೊಂದು ಟೈರಿನ ಗಾಳಿ ನಿಜವಾಗಿ ಇಳಿದರೂ ಚಾಲಕನಿಗೆ ಹೊಸದೇನೂ ಕಾಣದು. ನಮ್ಮ ತೀರ್ಮಾನದಲ್ಲಿ ಇಡೀ ಕಾನೂನಿನ ದೊಡ್ಡ ತೂತು ಇದೇ. ಆ ದೇಶದ ಸುರಕ್ಷತಾ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ವ್ಯವಸ್ಥೆ ಇರುವ ಕಾರುಗಳಲ್ಲಿ ಟೈರಿನ ಗಾಳಿ ತೀರಾ ಇಳಿದಿರುವ ಸಾಧ್ಯತೆ ಶೇ 55.6ರಷ್ಟು ಕಡಿಮೆ. ದೊಡ್ಡ ಲಾಭವೇ. ಕಾರು ಹಳೆಯದಾದಂತೆ ಆ ಲಾಭ ಕರಗುತ್ತದೆ ಎಂಬುದೂ ಅದರಲ್ಲೇ ಕಂಡಿತ್ತು.

ಟೈರ್ ಅಂಗಡಿಯವರ ಕಷ್ಟ ಬೇರೆ. ಸುರಕ್ಷತಾ ಸಾಧನವನ್ನು ಗೊತ್ತಿದ್ದೂ ನಿಷ್ಕ್ರಿಯ ಮಾಡುವುದು ಅವರಿಗೆ ಅಲ್ಲಿ ಕಾನೂನುಬಾಹಿರ. ಹಾಗಾದರೆ ಮೊದಲೇ ಸತ್ತ ಸೆನ್ಸಾರ್ ಇರುವ ಕಾರು ಬಂದರೆ? 2011ರಲ್ಲಿ ಸಂಸ್ಥೆ ಪತ್ರ ಬರೆದು ಸ್ಪಷ್ಟಪಡಿಸಬೇಕಾಯಿತು: ಬರುವಾಗಲೇ ಕೆಟ್ಟಿದ್ದರೆ ಟೈರು ಬದಲಿಸಿ ಕಳಿಸಿದ್ದು ಅಂಗಡಿಯವನ ತಪ್ಪಲ್ಲ. ಹೀಗಾಗಿ ಕಾರು ಒಳಗೆ ಬರುವ ಮೊದಲು ದೀಪದ ಸ್ಥಿತಿ ಬರೆದುಕೊಳ್ಳುವುದು ಅಲ್ಲಿನ ಅಂಗಡಿಗಳ ರೂಢಿ. ಬ್ರಿಟನ್ ಬೇರೆ ದಾರಿ ಹಿಡಿಯಿತು. 2012ರ ಜನವರಿಯ ನಂತರ ರಸ್ತೆಗಿಳಿದ ಕಾರಿನಲ್ಲಿ ಈ ವ್ಯವಸ್ಥೆ ಕೆಟ್ಟಿದ್ದರೆ ವಾರ್ಷಿಕ ಪರೀಕ್ಷೆಯಲ್ಲೇ ಫೇಲು. ಹಳೆ ಕಾರಿನ ಮಾಲೀಕನ ಜೇಬಿಗೆ ಅದು ಭಾರ, ಆದರೆ ದೀಪಕ್ಕೆ ಅರ್ಥ ಉಳಿಸಿದ್ದು ಅದೇ.

ಭಾರತದಲ್ಲಿ ಈ ವ್ಯವಸ್ಥೆ ಕಾನೂನಿನೊಳಗೆ ಬಂದದ್ದು ಸ್ಟೆಪ್ನಿಯ ನೆಪದಲ್ಲಿ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟ್ಯೂಬ್‌ಲೆಸ್ ಟೈರು, ಗಾಳಿ ಸೆನ್ಸಾರ್ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ 3.5 ಟನ್ನಿನೊಳಗಿನ ವಾಹನಕ್ಕೆ ಸ್ಟೆಪ್ನಿ ಬೇಕಿಲ್ಲ ಎಂದರು. ಸ್ಟೆಪ್ನಿ ಇಲ್ಲದ ಅಂಥ ಕಾರು ಹತ್ತು ವರ್ಷವಾಗಿ, ಸೆನ್ಸಾರುಗಳೂ ಸತ್ತು, ಸೆಕೆಂಡ್ ಹ್ಯಾಂಡಿನಲ್ಲಿ ತಾಲ್ಲೂಕು ರಸ್ತೆಗೆ ಬಂದಾಗ ಏನಾದೀತು ಎಂಬುದು ನಮ್ಮ ಚಿಂತೆ. ಚಕ್ರದೊಳಗೆ ವಾಲ್ವಿಗೆ ಹೊಂದಿಕೊಂಡು ಸೆನ್ಸಾರ್ ಇದೆ ಎಂದು ಮೊದಲೇ ಹೇಳದಿದ್ದರೆ ಪಂಕ್ಚರ್ ಅಂಗಡಿಯ ಕಬ್ಬಿಣದ ಲಿವರ್ ಅದನ್ನು ಮುರಿಯುವುದು ಕ್ಷಣದ ಕೆಲಸ. ಟೈರಿನೊಳಗೆ ಸುರಿಯುವ ಸೀಲಂಟೂ ಅದರ ರಂಧ್ರ ಮುಚ್ಚಬಹುದು. ವಾಲ್ವಿನ ಮೇಲೆ ಕ್ಯಾಪಿನಂತೆ ತಿರುಗಿಸಿ ಹಾಕುವ ಸೆನ್ಸಾರುಗಳು ಈಗ ಮಾರುಕಟ್ಟೆಯಲ್ಲಿವೆ. ಅವುಗಳ ಬಟನ್ ಸೆಲ್ಲನ್ನು ನಾವೇ ಬದಲಿಸಬಹುದು. ಹಳೆ ಕಾರಿಗೆ ಅದು ವಾಸಿ. ಆದರೆ 32 ಪಿಎಸ್‌ಐ ಬೇಕಾದ ಟೈರು 24ಕ್ಕೆ ಇಳಿಯುವವರೆಗೂ ಕಂಪನಿಯ ದೀಪ ಸುಮ್ಮನಿರಬಹುದು ಎಂಬುದು ನೆನಪಿದ್ದರೆ, ಬಂಕಿನಲ್ಲಿ ತಿಂಗಳಿಗೊಮ್ಮೆ ಗಾಳಿ ನೋಡಿಸುವುದನ್ನು ಯಾರೂ ಬಿಡಲಾರರು.

ಹಳೆ ಕಾರು ಕೊಳ್ಳುವವರು ಕೀಲಿ ತಿರುಗಿಸಿ ಎಂಜಿನ್ ಶುರು ಮಾಡುವ ಮೊದಲು ಒಮ್ಮೆ ಡ್ಯಾಶ್‌ಬೋರ್ಡ್ ನೋಡಬೇಕು. ಕುದುರೆ ಲಾಳ ಕೆಲ ಸೆಕೆಂಡು ಹತ್ತಿ ಆರಿದರೆ ಸರಿ. ಒಂದು ನಿಮಿಷ ಮಿನುಗಿ ನಿಂತುಕೊಂಡರೆ ಸೆನ್ಸಾರ್ ಸತ್ತಿದೆ. ಈ ವ್ಯವಸ್ಥೆ ಇರುವ ಮಾಡೆಲ್ಲಾಗಿದ್ದೂ ದೀಪ ಹತ್ತಲೇ ಇಲ್ಲವೆಂದರೆ, ಮಾರುವವನು ಬಲ್ಬು ಕಿತ್ತಿದ್ದಾನೆಯೇ ಎಂದು ಕೇಳಿಯೇ ವ್ಯಾಪಾರ ಮಾತಾಡಬೇಕು.