ಸ್ಮೃತಿಯ ಪಾಲುಪಟ್ಟಿ

ಅವಿಭಕ್ತ ಕುಟುಂಬ ಪಾಲಾಗುವಾಗ ಹೊಲಗದ್ದೆಗಳನ್ನು ಅಳೆದು ಹಂಚುವುದು ಸುಲಭ. ತಕರಾರು ಏಳುವುದು ಎಲ್ಲರೂ ನೀರು ಸೇದುವ ಬಾವಿಯ ವಿಷಯದಲ್ಲಿ. ಕಂಪ್ಯೂಟರಿನ ಸ್ಮೃತಿಯನ್ನು ಹಂಚಲು ಹೊರಟವರಿಗೂ ಇದೇ ತೊಡಕು ಎದುರಾಯಿತು.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. 1962ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಕಂಪ್ಯೂಟರ್, ವೇಗದ ಪುಟ್ಟ ಸ್ಮೃತಿಯನ್ನೂ ನಿಧಾನವಾದ ದೊಡ್ಡ ಡ್ರಮ್ಮನ್ನೂ ಒಂದೇ ಉಗ್ರಾಣವೆಂಬಂತೆ ತೋರಿಸಿತು. ಪ್ರೋಗ್ರಾಮ್‌ಗಳಿಗೆ ಇಲ್ಲದ ಜಾಗ ಇದ್ದಂತೆ ಭಾಸವಾಯಿತು. ಆದರೆ ಈ ಭ್ರಮೆಗೂ ಮಿತಿಯಿತ್ತು. ಬಹಳ ಪ್ರೋಗ್ರಾಮ್‌ಗಳು ಒಟ್ಟಿಗೆ ಸೇರಿದಾಗ ಪುಟಗಳನ್ನು ಒಳಗೆ ತರುವುದು, ಹೊರಗೆ ಹಾಕುವುದು ಇದರಲ್ಲೇ ಯಂತ್ರದ ಹೊತ್ತೆಲ್ಲ ಕಳೆದುಹೋಗುತ್ತಿತ್ತು. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿಗೆ ತೀರಾ ಅಗತ್ಯವಾದ ಪುಟಗಳ ಒಂದು ಗುಂಪು ಇರುತ್ತದೆ, ಅಷ್ಟು ಜಾಗವಿಲ್ಲದಿದ್ದರೆ ಅದನ್ನು ಓಡಿಸಲೇಬಾರದು ಎಂದು ಪೀಟರ್ ಡೆನ್ನಿಂಗ್ 1968ರಲ್ಲಿ ವಾದಿಸಿದರು.

ಮುಂದೆ ಯುನಿಕ್ಸ್ ವ್ಯವಸ್ಥೆಯಲ್ಲಿ ಮಿತಿಗಳು ಬಂದವು. 1983ರ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಒಂದು ಪ್ರಕ್ರಿಯೆ ಇಷ್ಟೇ ಬಳಸಬೇಕೆಂದು ಹೇಳಬಹುದಾಗಿತ್ತು. ಕಟ್ಟುಪಾಡು ಒಬ್ಬೊಬ್ಬರಿಗೇ ಹೊರತು ಮನೆತನಕ್ಕಲ್ಲ! ಒಂದು ಪ್ರಕ್ರಿಯೆ ಹತ್ತು ಮಕ್ಕಳನ್ನು ಹುಟ್ಟಿಸಿದರೆ ಹತ್ತಕ್ಕೂ ಬೇರೆ ಬೇರೆ ಪಾಲು. ನೂರಾರು ಪ್ರಕ್ರಿಯೆಗಳನ್ನು ಹುಟ್ಟಿಸುವ ವೆಬ್ ಸರ್ವರ್‌ಗಳ ಕಾಲದಲ್ಲಿ ಈ ನಿಯಮ ಕೆಲಸಕ್ಕೆ ಬಾರದಾಯಿತು.

ಸ್ಮೃತಿ ಪೂರ್ತಿ ಬರಿದಾದಾಗ ಲಿನಕ್ಸ್ ಯಾವುದಾದರೊಂದು ಪ್ರಕ್ರಿಯೆಯನ್ನು ಆರಿಸಿ ಕೊಂದುಹಾಕುತ್ತದೆ. ಇದನ್ನು 2004ರಲ್ಲಿ ಆಂಡ್ರೀಸ್ ಬ್ರೌವರ್ ಒಂದು ವಿಮಾನ ಕಂಪನಿಯ ಕಥೆ ಹೇಳಿ ಗೇಲಿ ಮಾಡಿದರು. ಇಂಧನ ಕಡಿಮೆ ತುಂಬಿಸಿ ಹಣ ಉಳಿಸುವ ಆ ಕಂಪನಿ, ಇಂಧನ ಸಾಲದಾದಾಗ ಪ್ರಯಾಣಿಕರೊಬ್ಬರನ್ನು ಹೊರಗೆಸೆಯುತ್ತದೆ. ಎಸೆಯುವುದು ಯಾರನ್ನು, ದಪ್ಪಗಿರುವವರನ್ನೋ ವಯಸ್ಸಾದವರನ್ನೋ ಎಂಬುದೇ ಅಲ್ಲಿನ ಚರ್ಚೆ. ನಗು ಬರಿಸಿದರೂ ಪ್ರಶ್ನೆ ಗಂಭೀರವಾದದ್ದು. ಒಬ್ಬನ ದುಂದಿಗೆ ನೆರೆಯವನು ಏಕೆ ಸಾಯಬೇಕು?

2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಪ್ರಕ್ರಿಯೆಗಳನ್ನು ಗುಂಪುಗಳಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿದರು. 'ಸಿಗ್ರೂಪ್' ಎಂಬ ಹೆಸರಿನಲ್ಲಿ ಅದು 2008ರ ಜನವರಿಯಲ್ಲಿ ಲಿನಕ್ಸ್‌ಗೆ ಸೇರಿತು. ಸ್ಮೃತಿಯ ಲೆಕ್ಕ ಇಡುವ ಭಾಗ ಬಂದದ್ದು ಅದೇ ಏಪ್ರಿಲ್‌ನಲ್ಲಿ. ಅದನ್ನು ಬರೆದ ಪ್ರಮುಖರಲ್ಲಿ ಐಬಿಎಂ ಇಂಡಿಯಾದ ಬಲ್ಬೀರ್ ಸಿಂಗ್ ಒಬ್ಬರು. ಈಗ ಗುಂಪೊಂದು ತನ್ನ ಮಿತಿ ಮುಟ್ಟಿದರೆ ಮೊದಲು ಅದರ ಪುಟಗಳನ್ನೇ ಖಾಲಿ ಮಾಡಿಸಲಾಗುತ್ತದೆ. ಅದೂ ಸಾಲದಾದರೆ ಸಾವು ಬರುವುದು ಆ ಗುಂಪಿನೊಳಗೇ.

ಆದರೆ ಬಾವಿಯ ಪ್ರಶ್ನೆ ಉಳಿಯಿತಲ್ಲ? ಒಂದೇ ಕಡತವನ್ನು ಎರಡು ಗುಂಪು ಓದಿದರೆ ಆ ಪುಟ ಯಾರ ಲೆಕ್ಕಕ್ಕೆ? ಮೊದಲು ಮುಟ್ಟಿದವರದೇ ಖರ್ಚು ಎಂದು ತೀರ್ಮಾನವಾಯಿತು. ಆಮೇಲೆ ಬಂದವರಿಗೆ ಅದು ಬಿಟ್ಟಿ. ಸಮಪಾಲು ಮಾಡಲು ಪ್ರತಿ ಪುಟಕ್ಕೂ ಬಳಕೆದಾರರ ಪಟ್ಟಿ ಇಡಬೇಕಾಗುತ್ತಿತ್ತು. ಆ ಪಟ್ಟಿಗೂ ಬೇಕಾದದ್ದು ಸ್ಮೃತಿಯೇ! ನ್ಯಾಯಕ್ಕಿಂತ ನ್ಯಾಯಾಲಯದ ಖರ್ಚೇ ಹೆಚ್ಚಾಗಬಾರದಲ್ಲ.

2013ರಲ್ಲಿ ಡಾಕರ್, ಮರುವರ್ಷ ಕುಬರ್ನೆಟೀಸ್ ಬಂದ ಮೇಲೆ ಈ ಏರ್ಪಾಡು ಜಗತ್ತಿನ ಸರ್ವರ್‌ಗಳಿಗೆಲ್ಲ ಹಬ್ಬಿತು. 2016ರಲ್ಲಿ ಅಂಗೀಕೃತವಾದ ಎರಡನೆಯ ಆವೃತ್ತಿ, ಕೊಲ್ಲುವ ಮೊದಲು ವೇಗ ತಗ್ಗಿಸಿ ಎಚ್ಚರಿಸುವ ಮೃದುವಾದ ಗೆರೆಯೊಂದನ್ನೂ ಎಳೆಯಿತು. ಬಾವಿಯ ನಿಯಮ ಮಾತ್ರ ಇಂದಿಗೂ ಹೆಚ್ಚು ಬದಲಾಗಿಲ್ಲ. ಮೊದಲು ಕೊಡ ಇಳಿಸಿದವನ ಹೆಸರಿಗೇ ಲೆಕ್ಕ.