ಮಾರ್ಫನ್ ಸಿಂಡ್ರೋಮಿನಲ್ಲಿ ಟಿಜಿಎಫ್-ಬೀಟಾ: ಕಾರಣವೋ, ಪರಿಣಾಮವೋ?

ಮಾರ್ಫನ್ ಸಿಂಡ್ರೋಮ್ ಇರುವವರಲ್ಲಿ ಮಹಾಪಧಮನಿಯ ಬುಡ ಏಕೆ ಉಬ್ಬುತ್ತದೆ? 2006ರಿಂದೀಚೆಗೆ ಈ ಪ್ರಶ್ನೆಗೆ ಪಠ್ಯಪುಸ್ತಕಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತ ಬಂದಿವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ಅಳತೆ ಮೀರಿ ಕೆಲಸ ಮಾಡುವುದರಿಂದ ಉಬ್ಬುತ್ತದೆ ಎಂಬುದು ಆ ಉತ್ತರ. ಅದು ಪೂರ್ತಿ ತಪ್ಪೆಂದು ನಾನು ವಾದಿಸುತ್ತಿಲ್ಲ. ಆದರೆ ಅದನ್ನು ರೋಗದ ಮೂಲಕಾರಣವೆಂದು ಒಪ್ಪಲು ಈಗಿರುವ ಆಧಾರ ಸಾಲದು.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. 1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫನ್ ಹುಡುಗಿಯೊಬ್ಬಳ ನೀಳವಾದ ಕೈಕಾಲು ಮತ್ತು ಬೆರಳುಗಳನ್ನು ವರ್ಣಿಸಿದರು. (ಆಕೆಗೆ ಇದ್ದದ್ದು ನಾವು ಇಂದು ಮಾರ್ಫನ್ ಎನ್ನುವ ಕಾಯಿಲೆಯೇ ಅಲ್ಲ ಎಂಬ ಬಲವಾದ ಅನುಮಾನವಿದೆ. ಅದು ಬೇರೆಯದೇ ಜಗಳ.) ಕಣ್ಣಿನ ಮಸೂರ ಜಾರುವುದು, ಕವಾಟ ಸಡಿಲವಾಗುವುದು, ಮಹಾಪಧಮನಿ ಸೀಳುವುದು ಇವೆಲ್ಲ ಮುಂದಿನ ಅರ್ಧಶತಮಾನದಲ್ಲಿ ಆ ಚಿತ್ರಕ್ಕೆ ಸೇರಿಕೊಂಡವು. 1956ರಲ್ಲಿ ವಿಕ್ಟರ್ ಮೆಕ್ಯುಸಿಕ್ ಇದನ್ನು ಸಂಯೋಜಕ ಅಂಗಾಂಶದ ಆನುವಂಶಿಕ ರೋಗಗಳ ಸಾಲಿಗೆ ಸೇರಿಸಿದರು. 1986ರಲ್ಲಿ ಲಿನ್ ಸಕಾಯಿ ಮತ್ತು ಸಂಗಡಿಗರು ಫೈಬ್ರಿಲಿನ್ ಪ್ರೋಟೀನನ್ನು ಗುರುತಿಸಿದರು. 1991ರಲ್ಲಿ ಅದರ ವಂಶವಾಹಿಯಲ್ಲಿ, ಅಂದರೆ 15ನೇ ವರ್ಣತಂತುವಿನ ಎಫ್‌ಬಿಎನ್1ನಲ್ಲಿ, ರೋಗಕ್ಕೆ ಕಾರಣವಾದ ಉತ್ಪರಿವರ್ತನೆ ಸಿಕ್ಕಿತು. ಸುಮಾರು 5,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಅವರಲ್ಲಿ ಕಾಲುಭಾಗದಷ್ಟು ಜನರ ತಂದೆತಾಯಿಯರಲ್ಲಿ ಅದು ಇರುವುದಿಲ್ಲ.

ಫೈಬ್ರಿಲಿನ್ ಎಳೆಗಳು ಎಲಾಸ್ಟಿನ್‌ಗೆ ಆಸರೆ, ಎಳೆ ಕೆಟ್ಟರೆ ಗೋಡೆ ಸಡಿಲ: 1991ರ ನಂತರದ ತಿಳಿವಳಿಕೆ ಇಷ್ಟು ಸರಳವಾಗಿತ್ತು. ಸಡಿಲವಾದ ಗೋಡೆಯಿಂದ ಮೂಳೆ ಉದ್ದವಾಗುವುದನ್ನಾಗಲಿ, ಶ್ವಾಸಕೋಶದ ಗಾಳಿಗೂಡುಗಳು ಹುಟ್ಟಿನಿಂದಲೇ ಸರಿಯಾಗಿ ವಿಂಗಡವಾಗದಿರುವುದನ್ನಾಗಲಿ ವಿವರಿಸಲು ಬರುತ್ತಿರಲಿಲ್ಲ. 2003ರಲ್ಲಿ ಹ್ಯಾರಿ ಡೀಟ್ಸ್ ಅವರ ಬಾಲ್ಟಿಮೋರ್ ತಂಡ ಈ ತೊಡಕನ್ನು ಬಿಡಿಸಿತು. ಫೈಬ್ರಿಲಿನ್ ಎಳೆಗಳು ನಿಷ್ಕ್ರಿಯ ಟಿಜಿಎಫ್-ಬೀಟಾವನ್ನು ಹಿಡಿದಿಡುವ ದಾಸ್ತಾನೂ ಹೌದು. ಎಳೆ ಕೆಟ್ಟರೆ ದಾಸ್ತಾನು ಸೋರುತ್ತದೆ. ಇಲಿಗಳಲ್ಲಿ ಟಿಜಿಎಫ್-ಬೀಟಾ ವಿರುದ್ಧದ ಪ್ರತಿಕಾಯ ಕೊಟ್ಟಾಗ ಶ್ವಾಸಕೋಶದ ದೋಷ ತಗ್ಗಿತು. 2006ರಲ್ಲಿ ಅದೇ ತಂಡ ರಕ್ತದೊತ್ತಡದ ಸಾಮಾನ್ಯ ಔಷಧವಾದ ಲೊಸಾರ್ಟನ್ ಕೊಟ್ಟು ಇಲಿಗಳ ಮಹಾಪಧಮನಿ ಉಬ್ಬದಂತೆ ತಡೆಯಿತು. ಹಾಗೆ ನೋಡಿದರೆ ಇಷ್ಟು ಅಂದವಾದ ಸಿದ್ಧಾಂತ ವೈದ್ಯಕೀಯದಲ್ಲಿ ಅಪರೂಪ. ಅದರ ಮೇಲೆ ಅನುಮಾನ ಬರಲು ತಡವಾದದ್ದಕ್ಕೆ ಈ ಅಂದವೂ ಒಂದು ಕಾರಣವಿರಬೇಕು.

ನನ್ನ ಮೊದಲ ತಕರಾರು ಎಫ್‌ಬಿಎನ್1 ವಂಶವಾಹಿಯಿಂದಲೇ ಹುಟ್ಟುತ್ತದೆ. 2011ರಲ್ಲಿ ಫ್ರಾನ್ಸಿನ ಸಂಶೋಧಕರು ಇದೇ ವಂಶವಾಹಿಯ ಒಂದು ಸಣ್ಣ ಭಾಗದಲ್ಲಿ ದೋಷವಿದ್ದರೆ ಗೆಲಿಯೋಫಿಸಿಕ್ ಮತ್ತು ಆಕ್ರೋಮಿಕ್ರಿಕ್ ಡಿಸ್‌ಪ್ಲೇಸಿಯಾ ಎಂಬ ಕಾಯಿಲೆಗಳು ಬರುತ್ತವೆಂದು ತೋರಿಸಿದರು. ಈ ರೋಗಿಗಳು ಗಿಡ್ಡ, ಬೆರಳುಗಳು ಮೋಟು, ಕೀಲುಗಳು ಬಿಗಿ. ಅಂದರೆ ಮಾರ್ಫನ್ ದೇಹರಚನೆಗೆ ನೇರ ವಿರುದ್ಧ. ಆದರೂ ಇವರ ಚರ್ಮಕೋಶಗಳಲ್ಲಿ ಟಿಜಿಎಫ್-ಬೀಟಾ ಸಂಕೇತ ಹೆಚ್ಚಾಗಿಯೇ ಕಂಡಿತು. ಒಂದೇ ಅತಿರೇಕ ಒಬ್ಬರನ್ನು ನೀಳ ಮಾಡಿ ಇನ್ನೊಬ್ಬರನ್ನು ಗಿಡ್ಡ ಮಾಡುವುದಾದರೆ ಅತಿರೇಕವೊಂದೇ ವಿವರಣೆಯಾಗಲಾರದು. ಬಟ್ಟಲಿನಲ್ಲಿ ಬೆಳೆಸಿದ ಚರ್ಮಕೋಶದಲ್ಲಿ ಕಂಡದ್ದನ್ನು ಮೂಳೆಗೂ ಮಹಾಪಧಮನಿಗೂ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೆ ಆ ಎಚ್ಚರ ಮಾರ್ಫನ್ ಕುರಿತ ಅಳತೆಗಳಿಗೂ ಸಲ್ಲಬೇಕಲ್ಲವೆ?

ಎರಡನೆಯದು ಇನ್ನೂ ಗಟ್ಟಿ. 2005ರಲ್ಲಿ ಲೂಯ್ಸ್-ಡೀಟ್ಸ್ ಸಿಂಡ್ರೋಮ್ ಬೆಳಕಿಗೆ ಬಂತು. ಇಲ್ಲಿ ಮಹಾಪಧಮನಿ ಮಾರ್ಫನ್‌ಗಿಂತ ಚಿಕ್ಕ ವಯಸ್ಸಿನಲ್ಲೇ, ಕಡಿಮೆ ಉಬ್ಬಿನಲ್ಲೇ ಸೀಳಬಹುದು. ಇದರ ಮೂಲ ಟಿಜಿಎಫ್-ಬೀಟಾ ಗ್ರಾಹಕಗಳಲ್ಲಿರುವ ದೋಷ, ಅದೂ ಗ್ರಾಹಕದ ಶಕ್ತಿಯನ್ನು ಕುಂದಿಸುವ ದೋಷ. ಆಮೇಲೆ 2011ರಲ್ಲಿ ಎಸ್‌ಎಂಎಡಿ3, 2012ರಲ್ಲಿ ಟಿಜಿಎಫ್‌ಬಿ2 ವಂಶವಾಹಿಗಳು ಪಟ್ಟಿಗೆ ಸೇರಿದವು. ಅವುಗಳಲ್ಲೂ ದೋಷದ ಪರಿಣಾಮ ಕೊರತೆಯೇ. ಸಂಕೇತ ಕಳಿಸುವ ಪ್ರೋಟೀನು, ಅದನ್ನು ಪಡೆಯುವ ಗ್ರಾಹಕ, ಒಳಗೆ ಸಾಗಿಸುವ ದೂತ, ಈ ಮೂರರಲ್ಲಿ ಯಾವುದು ಕುಂದಿದರೂ ಮಹಾಪಧಮನಿ ಉಬ್ಬುತ್ತದೆ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಗೋಡೆಯ ತುಣುಕುಗಳಲ್ಲಿ ಮಾತ್ರ ಸಂಕೇತ ಹೆಚ್ಚಾಗಿ ಕಾಣುತ್ತದೆ. ಕೆರೆಯ ಏರಿ ಒಡೆದ ಕಡೆ ಮಣ್ಣು ಹೊರುವವರು ಗುಂಪುಗೂಡಿರುತ್ತಾರೆ. ಅವರೇ ಏರಿ ಒಡೆದರೆಂದು ಯಾರೂ ಹೇಳುವುದಿಲ್ಲ.

ಇದಕ್ಕೆ ಡೀಟ್ಸ್ ಪಕ್ಷದ ಉತ್ತರ ಹಗುರವಾದದ್ದಲ್ಲ. ಮಹಾಪಧಮನಿಯ ಬುಡದಲ್ಲಿ ಭ್ರೂಣಾವಸ್ಥೆಯ ಎರಡು ಬೇರೆ ಮೂಲಗಳಿಂದ ಬಂದ ಸ್ನಾಯುಕೋಶಗಳು ಕಲೆತಿರುತ್ತವೆ. ಒಂದರಲ್ಲಿ ಸಂಕೇತ ಕುಗ್ಗಿದಾಗ ಇನ್ನೊಂದು ಅದನ್ನು ತುಂಬಿಕೊಡಲು ಹೋಗಿ ಅತಿಯಾಗಿ ಪ್ರತಿಕ್ರಿಯಿಸಬಹುದು ಎನ್ನುತ್ತಾರೆ. ಇರಬಹುದು. ಆದರೆ ಹಾಗೆ ಒಪ್ಪಿದ ಕ್ಷಣದಲ್ಲೇ ಅತಿರೇಕ ಎರಡನೆಯ ಹೆಜ್ಜೆಯಾಗುತ್ತದೆ.

ಇಲಿಗಳಲ್ಲಿ ನಡೆದ ಎರಡು ಪ್ರಯೋಗಗಳು ಇದೇ ದಿಕ್ಕನ್ನು ತೋರುತ್ತವೆ. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ಮಾರ್ಫನ್ ಇಲಿಗಳ ಸ್ನಾಯುಕೋಶಗಳಿಂದ ಟಿಜಿಎಫ್-ಬೀಟಾ ಗ್ರಾಹಕವನ್ನೇ ತೆಗೆದುಹಾಕಿತು. ಕಾಯಿಲೆ ಇಳಿಯುವ ಬದಲು ಉಲ್ಬಣಿಸಿತು. 2015ರಲ್ಲಿ ಫ್ರಾನ್ಸೆಸ್ಕೊ ರಮಿರೆಜ್ ಅವರ ನ್ಯೂಯಾರ್ಕ್ ತಂಡ ಪ್ರತಿಕಾಯವನ್ನು ಎರಡು ಬೇರೆ ವಯಸ್ಸಿನಲ್ಲಿ ಕೊಟ್ಟು ನೋಡಿತು. ಉಬ್ಬು ಮೂಡುವ ಮುನ್ನ ಕೊಟ್ಟದ್ದು ಕೇಡಾಯಿತು, ಮೂಡಿದ ಮೇಲೆ ಕೊಟ್ಟದ್ದು ಒಳಿತಾಯಿತು. ಲೊಸಾರ್ಟನ್ ಮಾತ್ರ ಮೊದಲೇ ಕೊಟ್ಟಾಗ ಚೆನ್ನಾಗಿ ಕೆಲಸ ಮಾಡಿತು. ಲೊಸಾರ್ಟನ್ ಫಲ ಕೊಡುವುದು ಟಿಜಿಎಫ್-ಬೀಟಾವನ್ನು ಅಡಗಿಸುವುದರಿಂದಲೇ ಎಂಬ ನಂಬಿಕೆ ಇಲ್ಲಿ ಬಿರುಕುಬಿಡುತ್ತದೆ.

ಆದ್ದರಿಂದ ಮನುಷ್ಯರ ಮೇಲಿನ ಔಷಧ ಪ್ರಯೋಗಗಳನ್ನು ಈ ಸಿದ್ಧಾಂತದ ಪರೀಕ್ಷೆಯೆಂದು ಓದುವುದು ನನಗೆ ಸರಿಕಾಣುವುದಿಲ್ಲ. 2014ರಲ್ಲಿ 608 ಮಕ್ಕಳು ಮತ್ತು ಯುವಜನರಲ್ಲಿ ಮೂರು ವರ್ಷ ಹೋಲಿಸಿದಾಗ ಲೊಸಾರ್ಟನ್‌ಗೂ ಬೀಟಾ ತಡೆ ವರ್ಗದ ರಕ್ತದೊತ್ತಡದ ಔಷಧವಾದ ಅಟೆನೊಲೊಲ್‌ಗೂ ವ್ಯತ್ಯಾಸ ಕಾಣಲಿಲ್ಲ. ಸಿದ್ಧಾಂತ ಸತ್ತಿತು ಎಂದರು ಕೆಲವರು. 2022ರಲ್ಲಿ ಹಲವು ಪ್ರಯೋಗಗಳನ್ನು ಒಗ್ಗೂಡಿಸಿದ ವಿಶ್ಲೇಷಣೆ ಲೊಸಾರ್ಟನ್ ವರ್ಗದ ಔಷಧಗಳು ಉಬ್ಬುವ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತವೆ, ಬೀಟಾ ತಡೆಗಳನ್ನು ಸೇವಿಸುತ್ತಿದ್ದವರಲ್ಲೂ ಅದರ ಲಾಭವಿದೆ ಎಂದಾಗ ಅದೇ ಸಿದ್ಧಾಂತ ಮರುಜನ್ಮ ಪಡೆಯಿತೆಂದು ಇನ್ನು ಕೆಲವರು ಹಿಗ್ಗಿದರು. ಎರಡೂ ಅವಸರದ ಮಾತು. ಈ ಔಷಧಗಳು ತಡೆಯುವುದು ಆಂಜಿಯೋಟೆನ್ಸಿನ್ ಗ್ರಾಹಕವನ್ನು. ಅದರಿಂದ ರಕ್ತದೊತ್ತಡವೂ ಗೋಡೆಯ ಮೇಲಿನ ಎಳೆತವೂ ತಗ್ಗುತ್ತವೆ, ಸ್ನಾಯುಕೋಶಗಳ ಮೇಲೆ ಆಂಜಿಯೋಟೆನ್ಸಿನ್‌ನ ನೇರ ಪ್ರಭಾವವೂ ತಗ್ಗುತ್ತದೆ. ರೋಗಿಗೆ ಸಿಕ್ಕ ಲಾಭವನ್ನು ಇವುಗಳಲ್ಲಿ ಯಾವ ಖಾತೆಗೆ ಬರೆಯಬೇಕೆಂಬುದನ್ನು ಆ ಪ್ರಯೋಗಗಳು ಹೇಳಲಾರವು.

ಹಾಗಾದರೆ ಮೊದಲ ಹೆಜ್ಜೆ ಯಾವುದು? ಸ್ನಾಯುಕೋಶ ತನ್ನ ಮೇಲಿನ ಎಳೆತವನ್ನು ಅರಿಯುವ ಬಗೆಯೇ ಕೆಡುವುದು ಎಂಬುದು ನನ್ನ ಊಹೆ. ಫೈಬ್ರಿಲಿನ್ ಎಳೆಗಳು ಎಲಾಸ್ಟಿನ್ ಪದರವನ್ನು ಸ್ನಾಯುಕೋಶದ ಸಂಕೋಚಕ ತಂತುಗಳಿಗೆ ಬೆಸೆಯುತ್ತವೆ. ಆ ತಂತುಗಳ ವಂಶವಾಹಿಗಳಾದ ಎಂವೈಎಚ್11 ಮತ್ತು ಎಸಿಟಿಎ2 ಕೆಟ್ಟ ಕುಟುಂಬಗಳಲ್ಲೂ ಮಹಾಪಧಮನಿ ಉಬ್ಬಿ ಸೀಳುತ್ತದೆ. ಬೆಸುಗೆ ಯಾವ ತುದಿಯಲ್ಲಿ ಬಿಟ್ಟರೂ ಪರಿಣಾಮ ಒಂದೇ ಎಂದಾದರೆ ಟಿಜಿಎಫ್-ಬೀಟಾದ ಏರಿಕೆಯನ್ನು, ಕನಿಷ್ಠ ಆರಂಭದ ಹಂತದಲ್ಲಿ, ಗೋಡೆಯ ದುರಸ್ತಿಯ ಯತ್ನವೆಂದು ಓದಬಹುದು. ಮುಂದೆ ಆ ಯತ್ನವೇ ಹಾನಿಗೆ ತಿರುಗುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಈ ಊಹೆಯನ್ನು ಮಹಾಪಧಮನಿಗಷ್ಟೇ ಸೀಮಿತವಾಗಿ ಮುಂದಿಡುತ್ತಿದ್ದೇನೆ. ಮೂಳೆಯ ಉದ್ದವನ್ನು ಇದು ವಿವರಿಸುವುದಿಲ್ಲ. ಶ್ವಾಸಕೋಶದ ವಿಷಯದಲ್ಲಿ 2003ರ ವಿವರಣೆಯೇ ಇಂದಿಗೂ ಹೆಚ್ಚು ಸಮರ್ಪಕ. ಒಂದೇ ರೋಗ ಬೇರೆ ಬೇರೆ ಅಂಗಗಳಲ್ಲಿ ಬೇರೆ ದಾರಿ ಹಿಡಿಯುತ್ತದೆಂದು ಒಪ್ಪುವುದು ಸಿದ್ಧಾಂತಪ್ರಿಯರಿಗೆ ಕಹಿ, ಆದರೆ ಸದ್ಯಕ್ಕೆ ನನಗೆ ಅನ್ಯಮಾರ್ಗ ಕಾಣದು.

ಹಂತಗಳ ಈ ಕ್ರಮ ಇಲಿಗಳಲ್ಲಿ ಕಂಡದ್ದು. ಮನುಷ್ಯರ ಗೋಡೆಯ ತುಣುಕು ಸಾಮಾನ್ಯವಾಗಿ ಕೈಗೆ ಸಿಗುವುದು ಶಸ್ತ್ರಚಿಕಿತ್ಸೆಯ ದಿನ, ಅಂದರೆ ರೋಗದ ಕೊನೆಯ ಅಧ್ಯಾಯದಲ್ಲಿ. ಉತ್ಪರಿವರ್ತನೆ ಪತ್ತೆಯಾಗಿದ್ದೂ ಮಹಾಪಧಮನಿ ಇನ್ನೂ ಹಿಗ್ಗದ ಮಗುವಿನ ಗೋಡೆಯಲ್ಲಿ ಟಿಜಿಎಫ್-ಬೀಟಾ ಏರಿರುತ್ತದೆಯೆ, ಇಳಿದಿರುತ್ತದೆಯೆ ಎಂಬುದನ್ನು ನೇರವಾಗಿ ಅಳೆಯುವ ದಾರಿ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಅಂಥ ಮಕ್ಕಳಿಗೆ ಟಿಜಿಎಫ್-ಬೀಟಾವನ್ನೇ ಗುರಿಯಾಗಿಸುವ ಚಿಕಿತ್ಸೆಯನ್ನು ಯೋಚಿಸುವವರು 2015ರ ಇಲಿಗಳ ಫಲಿತಾಂಶವನ್ನು ಮೊದಲು ಎದುರಿಸಬೇಕಾಗುತ್ತದೆ.