ಸಮಾಧಾನ

ಸಾವಾದ ಮನೆಗೆ ಹೋದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಸಮಾಧಾನ ಮಾಡ್ಕೊಳ್ಳಿ’. ಧಾರವಾಡದ ಕಡೆಯಾದರೆ ‘ಸಮಾಧಾನ ಮಾಡ್ಕೋರಿ’. ಸಚಿವರು ಕುಟುಂಬದವರಿಗೆ ‘ಸಾಂತ್ವನ ಹೇಳಿದರು’ ಎಂದು ಪತ್ರಿಕೆಗಳು ಬರೆಯುತ್ತವೆ, ಆದರೆ ಅಳುತ್ತಿರುವವರ ಪಕ್ಕ ಕೂತು ‘ಸಾಂತ್ವನ’ ಎಂಬ ಪದವನ್ನು ಯಾರೂ ಆಡುವುದಿಲ್ಲ. ಅದರ ಮೂಲವಾದ ‘ಸಾಂತ್ವ’ಕ್ಕೆ ಅಮರಕೋಶ ಎರಡು ಕಡೆ ಜಾಗ ಕೊಟ್ಟಿದೆ. ಒಂದು ಕಡೆ ಅದು ತುಂಬ ಇಂಪಾದ ಮಾತು. ಇನ್ನೊಂದು ಕಡೆ ಸಾಮ, ದಾನ, ಭೇದ, ದಂಡಗಳೆಂಬ ರಾಜೋಪಾಯಗಳ ನಡುವೆ ಸಾಮಕ್ಕೆ ಪರ್ಯಾಯ. ಒಲಿಸಿಕೊಳ್ಳುವ ಮಾತಿನ ನಂಟು ಅದಕ್ಕೆ ಹಳೆಯದು.

‘ಸಮಾಧಾನ’ದ ಬಳಗ ಬೇರೆ. ಸಂ, ಆ, ಧಾ ಎಂಬ ಮೂರು ತುಂಡುಗಳು ಕೂಡಿ ಆದ ಪದ ಇದು. ‘ಧಾ’ ಎಂದರೆ ಇಡು. ಚೆದುರಿದ್ದನ್ನು ಒಟ್ಟುಗೂಡಿಸಿ ನೆಲೆಯಾಗಿ ಇಡುವುದು ಸಮಾಧಾನ. ಇದೇ ಮೂರು ತುಂಡುಗಳಿಂದ ಹುಟ್ಟಿದ ಒಡಹುಟ್ಟು ‘ಸಮಾಧಿ’. ಯೋಗಿಯ ಏಕಾಗ್ರತೆಗೆ ಹೆಸರಾಗಿದ್ದ ಆ ಪದ ಕನ್ನಡದಲ್ಲಿ ಹೂತ ಜಾಗಕ್ಕೂ ಹೆಸರಾಯಿತು. ಹೋದವರಿಗೆ ಒಂದು, ಉಳಿದವರಿಗೆ ಇನ್ನೊಂದು. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ವೇದಾಂತಿಗಳು ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆಗಳ ಜೊತೆ ಸಮಾಧಾನವನ್ನೂ ಸಾಧಕನಿಗೆ ಬೇಕಾದ ಆರು ಸಂಪತ್ತುಗಳಲ್ಲಿ ಸೇರಿಸಿದರು. ಅಲ್ಲಿ ಅದು ಮನಸ್ಸನ್ನು ಒಂದೆಡೆ ನಿಲ್ಲಿಸುವ ಕೆಲಸ, ಸುಲಭಕ್ಕೆ ಕೈಗೂಡುವಂಥದ್ದಲ್ಲ. ಗೀತೆಯ 12ನೇ ಅಧ್ಯಾಯದಲ್ಲಿ ಇದೇ ಧಾತುವಿನ ರೂಪವನ್ನು ಬಳಸುವ ಕೃಷ್ಣ, ಚಿತ್ತವನ್ನು ಹಾಗೆ ನಿಲ್ಲಿಸಲು ಆಗದಿದ್ದರೆ ಅಭ್ಯಾಸದ ದಾರಿ ಹಿಡಿ ಎನ್ನುತ್ತಾನೆ. ಆಗದೆ ಹೋಗಬಹುದು ಎಂಬುದನ್ನು ಅವನೂ ಒಪ್ಪಿದ್ದಾನೆ. ಗಂಡನನ್ನು ಕಳೆದುಕೊಂಡು ಇನ್ನೂ ಎರಡು ದಿನ ಆಗದವಳಿಗೆ ನಾವು ಅದನ್ನು ಒಂದೇ ಉಸಿರಿನಲ್ಲಿ ವಿಧಿಸಿಬಿಡುತ್ತೇವೆ.

ಶಾಸ್ತ್ರಚರ್ಚೆಗೆ ಬಂದಾಗ ಪದ ಇನ್ನೊಂದು ದಿಕ್ಕಿಗೆ ಹೊರಳಿತು. ಶಂಕೆಗೆ ಕೊಡುವ ಉತ್ತರ ಸಮಾಧಾನವಾಯಿತು. ನಮ್ಮ ತೊಡಕು ಶುರುವಾದದ್ದು ಇಲ್ಲಿಂದಲೇ ಎಂದು ನನಗನಿಸುತ್ತದೆ. ‘ಯಾಕೆ ಹೀಗಾಯ್ತು?’ ಎಂದು ತಾಯಿ ಗೋಳಾಡುವಾಗ ನಾವು ಅದನ್ನು ಶಂಕೆ ಎಂದುಕೊಂಡು ಉತ್ತರ ಹುಡುಕುತ್ತೇವೆ. ಅಷ್ಟೇ ಋಣ ಇತ್ತು. ಒಳ್ಳೆಯವರನ್ನ ದೇವರು ಬೇಗ ಕರೆಸಿಕೊಳ್ತಾನೆ. ವಯಸ್ಸಾಗಿತ್ತು ಬಿಡಿ, ನರಳಲಿಲ್ಲವಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಕೇಳುವವರಿಗೆ ಮಾತ್ರ ಪ್ರಶ್ನೆಯನ್ನೇ ಬಾಯಿಮುಚ್ಚಿಸಿದ ಹಾಗಾಗುತ್ತದೆ.

ಕನ್ನಡ ಬೈಬಲಿನಲ್ಲಿ ಪದಕ್ಕೆ ಮತ್ತೊಂದು ಬಾಳು ಸಿಕ್ಕಿತು. ಯೇಸು ಶಿಲುಬೆಗೇರಿದ ಮೇಲೆ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾಗ, ನಡುವೆ ಬಂದು ನಿಂತ ಅವನು ಅವರನ್ನು ಹರಸುವುದು ಈ ಪದದಿಂದಲೇ. ಅಲ್ಲಿ ಅದು ಆಜ್ಞೆಯಲ್ಲ, ಹಾರೈಕೆ.

ಆದರೆ ನನಗೆ ಹೆಚ್ಚು ಪ್ರಿಯವಾದ ಅರ್ಥ ಯಾವ ಗ್ರಂಥದ್ದೂ ಅಲ್ಲ, ದಿನಬಳಕೆಯದು. ‘ಸಮಾಧಾನವಾಗಿ ಊಟ ಮಾಡಿ’, ‘ಸಮಾಧಾನವಾಗಿ ಹೇಳು, ನಾನೇನು ಓಡಿಹೋಗಲ್ಲ’. ಇಲ್ಲಿ ಸಮಾಧಾನ ಎಂದರೆ ಅವಸರವಿಲ್ಲದ ಹೊತ್ತು. ದುಃಖದಲ್ಲಿರುವವರಿಗೆ ನಾವು ಕೊಡಬಹುದಾದದ್ದು ಇದು.

ಹಾಗೆ ಕೊಡುವ ಕ್ರಮಕ್ಕೂ ನಮ್ಮಲ್ಲಿ ಪದವಿದೆ. ಮೈಸೂರು ಸೀಮೆಯಲ್ಲಿ ಸಾವಿನ ಮನೆಗೆ ಹೋಗಿಬಂದವರು ‘ಮಾತಾಡಿಸಿಕೊಂಡು ಬಂದೆ’ ಎನ್ನುತ್ತಾರೆ. 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ವಿವರಿಸಿದ ‘ಇಸು’ ಪ್ರತ್ಯಯ ಇಲ್ಲಿ ಇನ್ನೂ ದುಡಿಯುತ್ತಿದೆ: ಮಾಡು, ಮಾಡಿಸು, ಮಾತಾಡು, ಮಾತಾಡಿಸು. ಮಾತಾಡಬೇಕಾದವರು ಮನೆಯವರು. ಮಾತಾಡಿಸಲು ಹೋದವರ ಪಾಲಿಗೆ ಇರುವುದು ‘ಏನಾಯ್ತಮ್ಮಾ?’ ಎಂಬ ಒಂದು ಕೇಳಿಕೆ.

ಆಮೇಲೆ ಅವರೇ ಹೇಳತೊಡಗುತ್ತಾರೆ. ‘ಬೆಳಿಗ್ಗೆ ಚೆನ್ನಾಗೇ ಇದ್ರು. ಕಾಫಿ ಕೇಳಿದ್ರು. ಲೋಟ ತೊಗೊಂಡು ಬರೋಷ್ಟರಲ್ಲಿ...’ ಹೊಸಬರು ಬಂದು ಚಾಪೆಯ ಮೇಲೆ ಕೂತಾಗ ಮತ್ತೆ ಕಾಫಿಯಿಂದಲೇ ಶುರು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಹಿಂದಿನ ರಾತ್ರಿಯ ಕೆಮ್ಮು ಸೇರಿರುತ್ತದೆ, ಸಂಜೆಗೆ ಮಗಳಿಗೆ ಫೋನ್ ಮಾಡಿದ ಗಳಿಗೆ. ಪಕ್ಕದಲ್ಲಿರುವವರು ‘ಎಷ್ಟು ಸಲ ಹೇಳ್ತೀಯ, ಸುಮ್ಮನಿರು’ ಎಂದು ತಡೆಯುವುದುಂಟು. ತಡೆಯಬಾರದು. ತುಂಡಾಗಿ ಬಿದ್ದ ಆ ದಿನವನ್ನು ಅವರು ಒಂದೊಂದಾಗಿ ಜೋಡಿಸಿ ಇಡುತ್ತಿದ್ದಾರೆ. ಧಾತು ಹೇಳಿದ ಕೆಲಸವೇ ಅದು. ‘ಮಾಡ್ಕೊಳ್ಳಿ’ ಎನ್ನುವಲ್ಲಿನ ‘ಕೊಳ್ಳು’ ಕೂಡ ಅವರಿಗೇ ಸೇರಿದ್ದು, ಆ ಕೆಲಸವನ್ನು ಬೇರೆಯವರು ಮಾಡಿಕೊಡಲಾಗದು.

ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದೆಂಬ ವಾಡಿಕೆ ಹಲವು ಕಡೆ ಇದೆ, ಸುಮ್ಮನೆ ಎದ್ದು ಬರುತ್ತೇವೆ. ಆದರೆ ವೈಕುಂಠ ಸಮಾರಾಧನೆ ಮುಗಿದ ಮೇಲೆ ನಿಜವಾಗಿಯೂ ಯಾರೂ ಬರುವುದಿಲ್ಲ. ತಿಂಗಳೆರಡು ಕಳೆದ ಮೇಲೆ ಹೋಗಿ, ತೀರಿಕೊಂಡವರ ಹೆಸರು ಹಿಡಿದು ‘ಅವರು ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೋತಿದ್ರು?’ ಎಂದು ಕೇಳಿ. ಒಂದು ಗಂಟೆ ಬಿಡುವು ಮಾಡಿಕೊಂಡೇ ಹೋಗಿ, ಉತ್ತರ ಸಕ್ಕರೆಗೆ ನಿಲ್ಲುವುದಿಲ್ಲ.